ತುಂಗಭದ್ರೆಯ ನೀರು ಗಡಿ ದಾಟುತ್ತದೆ. ಎಚ್ಚರಿಕೆ ಏಕೆ ದಾಟಬಾರದು?

ಗಡಿನಾಡಿನ ಕನ್ನಡ ಬಾಂಧವರಲ್ಲಿ ಒಂದು ವಿಜ್ಞಾಪನೆ

ಮಳೆಗಾಲ ನೆಲೆಗೊಂಡಿತೆಂದರೆ ಹೊಸಪೇಟೆಯ ಅಣೆಕಟ್ಟಿನ ಗೇಟುಗಳನ್ನು ಎತ್ತಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಅದರ ಜತೆಗೆ ಹಂಪೆಯ ಪುರಂದರ ಮಂಟಪ ನೀರಿನಲ್ಲಿ ಮುಳುಗಿದ ಚಿತ್ರವೂ ತಪ್ಪದೆ ಅಚ್ಚಾಗುತ್ತದೆ. ಯಾತ್ರಿಕರಿಗೆ ಆ ಚಿತ್ರ ಕಣ್ಣಿಗೆ ಹಬ್ಬ. ಕೌತಾಳಂ, ಕೋಸಿಗಿ, ಮಂತ್ರಾಲಯ ಮಂಡಲಗಳ ಹೊಳೆದಂಡೆಯ ಹಳ್ಳಿಗರಿಗಾದರೋ ಅದು ಗಡಿಯಾರ. ಮಂಟಪ ಮುಳುಗಿದ ಚಿತ್ರವನ್ನು ಕಂಡೊಡನೆ ನಮ್ಮ ರೈತನು ಹೊಳೆಗೆ ಇಳಿಸಿದ್ದ ಪಂಪುಸೆಟ್ಟನ್ನು ಬಿಚ್ಚಿ ದಿಬ್ಬಕ್ಕೆ ಸಾಗಿಸುತ್ತಾನೆ, ದನಗಳನ್ನು ಮೇಲಿನ ಹೊಲಕ್ಕೆ ಹೊಡೆಯುತ್ತಾನೆ. ಎರಡು ದಂಡೆಗೆ ಎರಡು ಸರಕಾರಗಳು, ಅಣೆಕಟ್ಟಿಗೆ ಪ್ರತ್ಯೇಕವಾದೊಂದು ಮಂಡಳಿ, ಮಂತ್ರಾಲಯದಲ್ಲಿ ಕೇಂದ್ರ ಜಲ ಆಯೋಗದ ಪ್ರವಾಹ ಮುನ್ಸೂಚನೆಯ ಠಾಣೆ, ಇಷ್ಟೆಲ್ಲ ಇದ್ದೂ ಒಬ್ಬ ಒಕ್ಕಲಿಗನು ಪತ್ರಿಕೆಯ ಚಿತ್ರವನ್ನು ನೋಡಿ ತನ್ನ ಜೀವ ಉಳಿಸಿಕೊಳ್ಳಬೇಕಾದ ಪರಿಸ್ಥಿತಿ ಯಾರಿಗೆ ಗೌರವ ತರುವಂಥದು? ಅಧಿಕಾರದಲ್ಲಿರುವ ಮಹನೀಯರು ಇದಕ್ಕೆ ಉತ್ತರ ಹೇಳಬೇಕು.

ನಮ್ಮ ಸೀಮೆಗೂ ಈ ಹೊಳೆಗೂ ಇರುವ ಸಂಬಂಧದ ಇತಿಹಾಸವನ್ನು ಕಿರಿಯರು ಅರಿತಿರಲಾರರು. ಎರಡು ಮಾತಿನಲ್ಲಿ ಹೇಳುತ್ತೇನೆ. 1945ರಲ್ಲಿ ಮಲ್ಲಾಪುರದ ಬಳಿ ಅಣೆಕಟ್ಟಿನ ಕೆಲಸ ಮೊದಲಾದಾಗ ಒಂದು ದಂಡೆ ಮದರಾಸು ಪ್ರಾಂತದ್ದು, ಇನ್ನೊಂದು ದಂಡೆ ನಿಜಾಮರ ಹೈದರಾಬಾದಿನದು. 1953ರಲ್ಲಿ ಅಣೆಕಟ್ಟಿನಲ್ಲಿ ನೀರು ನಿಂತಿತು. ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಜಿಲ್ಲೆ ಎರಡು ಹೋಳಾಯಿತು. ಏಳು ತಾಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದಲ್ಲಿ ಉಳಿದವು. ನಮ್ಮನ್ನು ತಾಯಿನಾಡಿನಿಂದ ಬೇರೆ ಮಾಡಿದ ಆ ಕಾಯಿದೆಯೇ ತುಂಗಭದ್ರಾ ಮಂಡಳಿಯ ಹುಟ್ಟಿಗೂ ಕಾರಣವಾಯಿತೆಂಬುದು ಗಮನಿಸತಕ್ಕ ಸಂಗತಿ. ಜಿಲ್ಲೆಯನ್ನು ಕತ್ತರಿಸಬಹುದಾಗಿತ್ತು, ಅಣೆಕಟ್ಟನ್ನು ಕತ್ತರಿಸುವಂತಿರಲಿಲ್ಲ. ಆದುದರಿಂದ ಕೇಂದ್ರದ ಮೇಲ್ವಿಚಾರಣೆಯಲ್ಲಿ ಉಭಯ ರಾಜ್ಯಗಳ ಪ್ರತಿನಿಧಿಗಳು ಕುಳಿತು ನೀರು ಹಂಚುವ ಏರ್ಪಾಡು ಆಯಿತು. 2014ರ ತರುವಾಯ ತೆಲಂಗಾಣವೂ ಅಲ್ಲಿ ಒಂದು ಕುರ್ಚಿ ಪಡೆದಿದೆ.

ಈ ಮಂಡಳಿಯನ್ನು ಹಳಿಯಲು ನಾನು ಈ ಕಿರುಹೊತ್ತಗೆಯನ್ನು ಬರೆಯುತ್ತಿಲ್ಲ. ಏಳು ದಶಕಗಳಿಂದ ಕೆಳಮಟ್ಟದ ಕಾಲುವೆ ಬಳ್ಳಾರಿಯ ನೆಲವನ್ನು ದಾಟಿ ಆದವಾನಿಗೆ ಬರುತ್ತಿದೆ, ಮೇಲ್ಮಟ್ಟದ ಕಾಲುವೆ ಅನಂತಪುರ ಜಿಲ್ಲೆಗೆ ಹರಿಯುತ್ತಿದೆ. ಬಚಾವತ್ ನ್ಯಾಯಮಂಡಳಿ ತೀರ್ಪಿತ್ತ ಮೇಲೆ ಯಾರ ಪಾಲು ಎಷ್ಟೆಂಬುದಕ್ಕೆ ಬರಹವೂ ಇದೆ, ಲೆಕ್ಕವೂ ಇದೆ. ಜಗಳಗಳು ಇಲ್ಲವೆಂದಲ್ಲ, ಕಾಲುವೆಯ ಕೊನೆಯ ರೈತನನ್ನು ಕೇಳಿದರೆ ಒಂದು ಪುರಾಣವನ್ನೇ ಹೇಳಿಯಾನು. ಆದರೂ ನೀರು ಹಂಚುವುದಕ್ಕೆ ಎರಡು ರಾಜ್ಯಗಳು ಒಂದು ಮೇಜಿನ ಸುತ್ತ ಕುಳಿತುಕೊಳ್ಳಬಲ್ಲವು ಎಂಬುದು ಇಲ್ಲಿ ಸಿದ್ಧವಾಗಿದೆ. ನನ್ನ ತಕರಾರು ಇಷ್ಟೇ: ನೀರು ಕಡಮೆಯಾದಾಗ ಹನಿ ಹನಿಗೂ ಲೆಕ್ಕವಿಡುವ ಈ ವ್ಯವಸ್ಥೆ, ನೀರು ಹೆಚ್ಚಾದಾಗ ಕೆಳಗಿನ ಹಳ್ಳಿಗಳನ್ನು ಲೆಕ್ಕಕ್ಕೆ ತಂದುಕೊಳ್ಳುವ ಬಗೆ ಯಾವುದು?

2009ನ್ನು ಮರೆತವರು ನಮ್ಮಲ್ಲಿ ಯಾರೂ ಇಲ್ಲ. ಸೆಪ್ಟೆಂಬರಿನ ಕೊನೆಯ ದಿನಗಳಲ್ಲಿ ಹಿಡಿದ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲ. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಮಿಕ್ಕಿ ಜನ ಸತ್ತರು. ಮಂತ್ರಾಲಯದಲ್ಲಿ ರಾಯರ ಮಠದೊಳಕ್ಕೆ ಹೊಳೆ ನುಗ್ಗಿತು. ಗಾಂಧಿ ಜಯಂತಿಯ ದಿನ ಕರ್ನೂಲು ಪಟ್ಟಣ ತುಂಗಭದ್ರೆ-ಹಂದ್ರಿಗಳ ನಡುವೆ ಸಿಕ್ಕಿ ಮುಳುಗಿತು. ಕೆಳಗೆ ಶ್ರೀಶೈಲದ ಅಣೆಕಟ್ಟಿಗೆ ಸುಮಾರು 25 ಲಕ್ಷ ಕ್ಯೂಸೆಕ್ಸ್ ನೀರು ಬಂದಿತು. ಆ ಕಟ್ಟೆಯ ತೂಬುಗಳನ್ನು ರಚಿಸಿದವರು ಅಷ್ಟೊಂದು ನೀರನ್ನು ಎಣಿಸಿಯೇ ಇರಲಿಲ್ಲ. ನಾನು ಆಗ ಇದೇ ಸೀಮೆಯ ಒಂದು ಕನ್ನಡ ಶಾಲೆಯಲ್ಲಿ ಸಹಶಿಕ್ಷಕನಾಗಿದ್ದೆ. ಶಾಲೆಯ ನಾಲ್ಕು ಕೊಠಡಿಗಳಲ್ಲಿ ಮೂರು ಊರಿನ ಜನ ಒಂಬತ್ತು ದಿನ ಇದ್ದರು. ಹಜಾರದಲ್ಲಿ ಎಮ್ಮೆಗಳನ್ನು ಕಟ್ಟಿದ್ದೆವು. ಬೆಂಚುಗಳನ್ನು ಒಡೆದು ಒಲೆ ಉರಿಸಬೇಕಾಯಿತು. ಒದ್ದೆಯಾಗದ ಕಟ್ಟಿಗೆ ಊರಲ್ಲಿ ಬೇರೆ ಇರಲಿಲ್ಲ.

ಆ ಒಂಬತ್ತು ದಿನಗಳಲ್ಲಿ ನಾನು ಕಂಡ ಒಂದು ವಿಷಯವನ್ನು ಬರೆಯದೆ ಮುಂದಕ್ಕೆ ಹೋಗಲಾರೆ. ನಮ್ಮ ಊರಿನ ಕೆಲವರ ಮನೆ ಈ ದಂಡೆಯಲ್ಲಿದೆ, ಭತ್ತದ ಗದ್ದೆ ಆ ದಂಡೆಯಲ್ಲಿ, ರಾಯಚೂರು ಜಿಲ್ಲೆಯಲ್ಲಿದೆ. ಅಜ್ಜಂದಿರ ಕಾಲದಿಂದ ಹರಿಗೋಲಿನಲ್ಲಿ ಹೊಳೆ ದಾಟಿ ಉತ್ತು ಬಿತ್ತಿ ಬಂದವರು. ನೆರೆ ಇಳಿದ ಮೇಲೆ ಗದ್ದೆಯ ಮೇಲೆ ಮೊಳಕಾಲುದ್ದ ಮರಳು ಕುಳಿತಿತ್ತು. ಪರಿಹಾರ ಕೇಳಲು ಆ ದಂಡೆಯ ಕಚೇರಿಗೆ ಹೋದರೆ, “ನಿಮ್ಮ ಪಡಿತರ ಚೀಟಿ ಆಂಧ್ರದ್ದು, ಅಲ್ಲಿಯೇ ಕೇಳಿ” ಎಂದರು. ಈ ದಂಡೆಯ ಕಚೇರಿಗೆ ಬಂದರೆ, “ಹೊಲ ಕರ್ನಾಟಕದ್ದು, ಪಂಚನಾಮೆ ನಾವು ಮಾಡುವಂತಿಲ್ಲ” ಎಂದರು. ಇಬ್ಬರು ಅಧಿಕಾರಿಗಳ ಮಾತೂ ಕಾನೂನಿನಂತೆ ಸರಿಯೇ ಇದ್ದಿರಬಹುದು. ಎರಡು ಸರಿಗಳ ನಡುವೆ ಆ ಸಂಸಾರ ಆ ವರ್ಷ ಗುಳೆ ಹೊರಟಿತು. ಅದೇ ಸಮಯದಲ್ಲಿ ಕರ್ನಾಟಕ ಸರಕಾರ ದಾನಿಗಳ ನೆರವಿನಿಂದ ‘ಆಸರೆ’ ಎಂಬ ಯೋಜನೆ ಹೂಡಿ ಸಂತ್ರಸ್ತರಿಗೆ ಮನೆ ಕಟ್ಟಿಸತೊಡಗಿತ್ತು. ಅದೇ ಭಾಷೆ ಆಡುವ, ಅದೇ ನೀರಿನಲ್ಲಿ ಮುಳುಗಿದ, ಹೊಳೆಯ ಬಲಕ್ಕೆ ಇದ್ದ ಒಂದೇ ತಪ್ಪಿಗೆ ನಮ್ಮವರು ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಪಾಲಿನ ಸರಕಾರದ ನೆರವು ಬಾರದೆ ಹೋಯಿತೆಂದು ನಾನು ಹೇಳುವುದಿಲ್ಲ, ಬಂದಿತು. ಆದರೆ ಅದರ ಕಾಗದಗಳನ್ನು ಓದಿ ಹೇಳುವುದಕ್ಕೆ ಏಳನೆಯ ತರಗತಿಯ ಹುಡುಗರನ್ನು ಮನೆ ಮನೆಗೆ ಕಳುಹಿಸಬೇಕಾಯಿತು.

ಭಾಷೆಯ ಮಾತು ಬಂದುದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ. ತೆಲುಗಿನ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಓದುತ್ತಾರೆ, ಸಂತೆಯಲ್ಲಿ ನಾವೆಲ್ಲ ಅದನ್ನೇ ಆಡುತ್ತೇವೆ. ಆದರೆ ನೆರೆ ಬರುವ ಇರುಳು ಮನೆಯಲ್ಲಿ ಇರುವವರು ಯಾರು? ಕನ್ನಡವನ್ನಷ್ಟೇ ಓದಬಲ್ಲ ಮುದುಕರು, ಬಳ್ಳಾರಿ-ರಾಯಚೂರು ಕಡೆಯಿಂದ ಸೊಸೆಯಾಗಿ ಬಂದ ಹೆಂಗಸರು. ಒಮ್ಮೆ ಒಂದು ಕಚೇರಿಯಿಂದ ನಮ್ಮ ಊರಿಗೆ ಪ್ರವಾಹದ ಸುತ್ತೋಲೆ ಬಂದಿತ್ತು. ಪೂರ್ತಿ ತೆಲುಗು, ಅದರಲ್ಲಿಯೂ ಕಚೇರಿಯ ತೆಲುಗು. ತೆಲುಗು ಪಂಡಿತರೇ ಎರಡು ಸಲ ಓದಿದರು. ಚುನಾವಣೆಯ ಕಾಲದಲ್ಲಿ ಮತ ಕೇಳುವ ಕರಪತ್ರಗಳು ಮಾತ್ರ ಇದೇ ಊರಿಗೆ ಸೊಗಸಾದ ಕನ್ನಡದಲ್ಲಿ ಬರುತ್ತವೆ. ಮತಕ್ಕೆ ಸಿಗುವ ಕನ್ನಡ ಪ್ರಾಣಕ್ಕೆ ಏಕೆ ಸಿಗದು?

ಇನ್ನು ವಿರೋಧಿಗಳ ವಾದಗಳನ್ನು ಒಂದೊಂದಾಗಿ ನೋಡೋಣ.

ಪ್ರವಾಹವು ದೈವೇಚ್ಛೆ, ಅದಕ್ಕೆ ಯಾರೇನು ಮಾಡಲಾದೀತು ಎನ್ನುವವರು ಒಂದು ವರ್ಗ. ಇವರಿಗೆ ಉತ್ತರ ಹೇಳುತ್ತಾ ಕಾಲ ಕಳೆಯುವುದು ವ್ಯರ್ಥ. ಮಳೆ ದೈವೇಚ್ಛೆಯಾದರೂ ಗೇಟು ಎತ್ತುವ ಗುಂಡಿ ಮನುಷ್ಯನ ಕೈಯಲ್ಲಿದೆ.

ಎರಡನೆಯ ವಾದ ಎಂಜಿನಿಯರರದು. ಇದನ್ನು ಗೌರವದಿಂದ ಕೇಳಬೇಕು. ತುಂಗಭದ್ರೆಯ ಅಣೆಕಟ್ಟು ನೀರಾವರಿಗಾಗಿಯೂ ವಿದ್ಯುತ್ತಿಗಾಗಿಯೂ ಕಟ್ಟಿದ್ದು, ಪ್ರವಾಹ ತಡೆಯಲು ಅದರಲ್ಲಿ ಪ್ರತ್ಯೇಕ ಜಾಗವನ್ನು ಇಟ್ಟಿಲ್ಲ, ಕಟ್ಟೆ ತುಂಬಿದ ಮೇಲೆ ಬಂದ ನೀರನ್ನು ಹಾಗೆಯೇ ಕೆಳಗೆ ಬಿಡಲೇಬೇಕು ಎಂದು ಅವರು ಹೇಳುತ್ತಾರೆ. ಮಾತು ನಿಜ. ಆದರೆ ಇದರಲ್ಲಿ ಒಂದು ಲೆಕ್ಕ ಅಡಗಿದೆ. ಅದನ್ನು ನಾನು ಪ್ರತಿ ವರ್ಷ ಮಕ್ಕಳಿಂದ ಹಲಗೆಯ ಮೇಲೆ ಮಾಡಿಸುತ್ತೇನೆ. ಹಿರಿಯರೂ ಮಾಡಿ ನೋಡಲಿ. ಕ್ಯೂಸೆಕ್ಸ್ ಎಂದರೆ ಒಂದು ಸೆಕೆಂಡಿಗೆ ಹರಿಯುವ ಒಂದು ಘನ ಅಡಿ ನೀರು. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ಸ್ ನೀರು ಹತ್ತು ಸಾವಿರ ಸೆಕೆಂಡುಗಳ ಕಾಲ, ಎಂದರೆ ಸುಮಾರು ಎರಡು ಮುಕ್ಕಾಲು ಘಂಟೆ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ. ಒಂದು ಹಗಲು ಒಂದು ಇರುಳಿಗೆ 8.64 ಟಿ.ಎಂ.ಸಿ. ಇದರರ್ಥವೇನು? ಮಲೆನಾಡಿನಲ್ಲಿ ಮಳೆ ಬಲಿತ ಸುದ್ದಿ ಬಂದ ಕೂಡಲೇ ಕಟ್ಟೆಯಲ್ಲಿ ಹತ್ತು ಟಿ.ಎಂ.ಸಿ.ಯಷ್ಟು ಜಾಗವನ್ನು ಮೆಲ್ಲಮೆಲ್ಲನೆ ತೆರವು ಮಾಡಿಕೊಂಡರೆ, ಹೊರಗೆ ಬಿಡುವುದಕ್ಕಿಂತ ಒಂದು ಲಕ್ಷ ಕ್ಯೂಸೆಕ್ಸ್ ಹೆಚ್ಚಾಗಿ ಒಳಗೆ ಬರುವ ನೀರನ್ನು ಸುಮಾರು ಇಪ್ಪತ್ತೆಂಟು ಘಂಟೆ ತಡೆದಿಟ್ಟುಕೊಳ್ಳಬಹುದು. ಇಪ್ಪತ್ತೆಂಟು ಘಂಟೆಯಲ್ಲಿ ಒಂದು ಊರನ್ನು ಮುದುಕರು, ಬಾಣಂತಿಯರು, ಕರುಗಳ ಸಮೇತ ಖಾಲಿ ಮಾಡಿಸಬಹುದು.

ಹೂಳಿನ ವಿಷಯ ಇದರ ಜತೆಗೇ ಬರುತ್ತದೆ. ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ಹಿಡಿಸುತ್ತಿದ್ದ ಜಲಾಶಯ ಇತ್ತೀಚಿನ ಅಳತೆಯಂತೆ ಸುಮಾರು 105 ಟಿ.ಎಂ.ಸಿ. ಹಿಡಿಸುತ್ತದೆ. ಇಪ್ಪತ್ತೆಂಟರಷ್ಟು ಜಾಗವನ್ನು ಮಣ್ಣು ತಿಂದಿದೆ. ಮೇಲಿನ ಲೆಕ್ಕದ ಪ್ರಕಾರ ಒಂದು ಲಕ್ಷ ಕ್ಯೂಸೆಕ್ಸಿನ ಮೂರು ದಿನಗಳ ಹರಿವಿಗೆ ಸಲ್ಲುವ ಜಾಗ. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಬೇಕೆಂದು ಕರ್ನಾಟಕ ಬಹುಕಾಲದಿಂದ ಹೇಳುತ್ತಿದೆ. ಕೆಳಗಿನ ರಾಜ್ಯಗಳ ಒಪ್ಪಿಗೆಯಿಲ್ಲದೆ ಅದು ನಡೆಯುವುದಿಲ್ಲ. ಈ ಮಾತುಕತೆಯಲ್ಲಿ ಎಲ್ಲರ ಬಾಯಲ್ಲೂ ಪಾಲಿನ ನೀರಿನ ಮಾತೇ ಇದೆ. ಅಂಥದೊಂದು ಜಲಾಶಯದಿಂದ ನೆರೆಯ ಕಾಲದಲ್ಲಿ ಕೆಳಗಿನ ದಂಡೆಗೆ ಏನು ಲಾಭ, ಏನು ಅಪಾಯ ಎಂಬುದನ್ನು ನಮ್ಮ ಮುಂದೆ ಲೆಕ್ಕ ಮಾಡಿ ತೋರಿಸಿದವರನ್ನು ನಾನು ಕಾಣೆ.

ಇಲ್ಲಿ ನಮ್ಮವರಿಗೂ ಒಂದು ಕಠಿಣವಾದ ಮಾತು ಹೇಳಬೇಕಾಗಿದೆ. ಆಗಸ್ಟಿನಲ್ಲಿ ಕಟ್ಟೆ ತುಂಬಲಿಲ್ಲವೆಂದರೆ ಎರಡನೆಯ ಬೆಳೆಗೆ ನೀರಿಲ್ಲವೆಂದು ಕಾಲುವೆಯ ರೈತರಾದ ನಾವೇ ರಸ್ತೆ ತಡೆಯುತ್ತೇವೆ. ತುಂಬಿದರೆ, ಜಾಗ ಏಕೆ ಬಿಡಲಿಲ್ಲವೆಂದು ಹೊಳೆದಂಡೆಯ ರೈತರಾದ ನಾವೇ ಕೂಗುತ್ತೇವೆ. ಎರಡೂ ಕೂಗು ಒಂದೇ ಊರಿನಿಂದ, ಕೆಲವೊಮ್ಮೆ ಒಂದೇ ಮನೆಯಿಂದ ಏಳುತ್ತವೆ. ಯಾವ ತಿಂಗಳಲ್ಲಿ ಎಷ್ಟು ಜಾಗ ಖಾಲಿ ಇರಬೇಕೆಂಬುದನ್ನು ಮೊದಲೇ ಗೊತ್ತುಪಡಿಸಿ, ಅದರಿಂದ ಬೆಳೆಗೆ ನಷ್ಟವಾದರೆ ಮೂರು ರಾಜ್ಯಗಳೂ ಪಾಲಿನಂತೆ ಹೊರಬೇಕೆಂದು ಒಪ್ಪಂದ ಮಾಡಿಕೊಳ್ಳದೆ ಈ ಗಂಟು ಬಿಚ್ಚದು.

ಮತ್ತೊಂದು ಮಾತು. 2009ರ ನೀರೆಲ್ಲ ಅಣೆಕಟ್ಟಿನಿಂದ ಬಂದುದಲ್ಲ. ಕಟ್ಟೆಯ ಕೆಳಗೆ ಸುರಿದ ಮಳೆ ಹಗರಿಯಿಂದಲೂ ನೂರಾರು ಹಳ್ಳಗಳಿಂದಲೂ ಹೊಳೆಗೆ ಕೂಡಿತು. ಹಗರಿ, ಎಂದರೆ ವೇದಾವತಿ, ನಮ್ಮ ರಾಯದುರ್ಗದ ಬಾಂಧವರ ನದಿ. ಚಿತ್ರದುರ್ಗ ಸೀಮೆಯ ಮಾರಿಕಣಿವೆಯ ಕಟ್ಟೆ 1933ರ ತರುವಾಯ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದಿತು. ಎಂಬತ್ತೊಂಬತ್ತು ವರ್ಷ ಒಣಗಿದ ನದೀಪಾತ್ರವನ್ನು ನಂಬಿ ಜನ ಅದರೊಳಗೆ ಹೊಲ ಮಾಡಿಕೊಂಡದ್ದು ಆಶ್ಚರ್ಯವಲ್ಲ. ಅಂಥ ಹೊಳೆಯೂ ತಿರುಗಿ ಬರುತ್ತದೆ. ಅದು ಬರುವುದು ಕರ್ನಾಟಕದಿಂದ, ಮುಳುಗುವುದು ಗುಮ್ಮಗಟ್ಟದ ಕಡೆಯ ಹೊಲ. ಆದ ಕಾರಣ ಗೇಟಿನ ಸುದ್ದಿಯೊಂದೇ ಸಾಲದು. ಹಗರಿಯ ಮಳೆಯ ಸುದ್ದಿಯೂ ಗಡಿ ದಾಟಿ ಬರಬೇಕು.

ಮೂರನೆಯ ವಾದ ನಿಂದೆಯ ವಾದ. “ಮೇಲಿನವರು ಗೇಟು ಎತ್ತಿ ನಮ್ಮನ್ನು ಮುಳುಗಿಸಿದರು” ಎಂದು ಕೆಳಗಿನವರು. “ಕೆಳಗಿನವರು ನೀರು ಕಟ್ಟಿ ನಮ್ಮನ್ನು ಮುಳುಗಿಸಿದರು” ಎಂದು ಮೇಲಿನವರು. ಇದರ ಉತ್ತಮ ಉದಾಹರಣೆ ಕೃಷ್ಣೆಯಲ್ಲಿದೆ. ಜತ್ತ, ಅಕ್ಕಲಕೋಟೆಯ ನಮ್ಮ ಬಂಧುಗಳು ಬಲ್ಲರು. 2005ರಲ್ಲಿ, ಮತ್ತೆ 2019ರಲ್ಲಿ ಸಾಂಗಲಿ-ಕೊಲ್ಲಾಪುರಗಳು ಮುಳುಗಿದಾಗ ಆಲಮಟ್ಟಿಯ ಹಿನ್ನೀರೇ ಕಾರಣವೆಂದು ಮಹಾರಾಷ್ಟ್ರದಲ್ಲಿ ಭಾಷಣಗಳಾದವು. ಆ ಸರಕಾರವೇ ನೇಮಿಸಿದ ವಡನೇರೆ ಸಮಿತಿ 2020ರಲ್ಲಿ ವರದಿ ಕೊಟ್ಟು, 2019ರ ನೆರೆಗೆ ಆಲಮಟ್ಟಿ ಕಾರಣವಲ್ಲವೆಂದು ಹೇಳಿತು. ಭಾಷಣಗಳು ಅದರಿಂದ ನಿಂತವೇ? ಇಲ್ಲ. ನಮ್ಮ ಕಡೆಯವರು ಆ ವರದಿಯನ್ನು ಧ್ವಜದಂತೆ ಹಿಡಿದು ಕುಣಿದರು, ಅಷ್ಟೇ. 2021ರ ಜೂನಿನಲ್ಲಿ ಉಭಯ ರಾಜ್ಯಗಳ ಹಿರಿಯರು ಬೆಂಗಳೂರಿನಲ್ಲಿ ಕುಳಿತು, ಜಲಾಶಯಗಳ ನೀರಿನ ಅಂಕಿಗಳನ್ನು ಆಗಿಂದಾಗ್ಗೆ ಪರಸ್ಪರ ತಿಳಿಸುವ ಮಾತಾಡಿದರು. ಭಾಷಣಗಳಿಗಿಂತ ಅಂಥ ಒಂದು ಸಭೆ ಹೆಚ್ಚು ಊರುಗಳನ್ನು ಉಳಿಸೀತು. ಆಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸಲು 2010ರ ನ್ಯಾಯಮಂಡಳಿ ಒಪ್ಪಿದೆ. ಕರ್ನಾಟಕದ ಹಕ್ಕನ್ನು ನಾವು ಬೆಂಬಲಿಸುತ್ತೇವೆ. ಆದರೆ ಮೇಲಿನ ದಂಡೆಯ ಜನರ ಭಯವನ್ನು ನಗೆಯಿಂದ ತಳ್ಳಿಹಾಕುವ ಕನ್ನಡಿಗನು ತುಂಗಭದ್ರೆಯ ಕೆಳದಂಡೆಯಲ್ಲಿರುವ ಕನ್ನಡಿಗನ ಭಯವನ್ನೂ ತಳ್ಳಿಹಾಕಿದಂತಾಯಿತು.

ನಾಲ್ಕನೆಯ ವಾದ ನಮ್ಮ ಮನೆಯೊಳಗಿನದು. “ಮೊದಲು ಗಡಿ ಸರಿಯಾಗಲಿ, ಆದವಾನಿ-ರಾಯದುರ್ಗಗಳು ಕರ್ನಾಟಕಕ್ಕೆ ಸೇರಲಿ; ಆ ಮೇಲೆ ನೆರೆಯ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ಈಗ ಸಹಕಾರದ ಮಾತು ಆಡಿದರೆ ಗಡಿಯನ್ನು ಒಪ್ಪಿಕೊಂಡಂತಾಗುತ್ತದೆ” ಎಂದು ಹಲವು ಕಾರ್ಯಕರ್ತರು ವಾದಿಸುತ್ತಾರೆ. ಅವರ ನಿಷ್ಠೆಗೆ ಕೈ ಮುಗಿಯುತ್ತೇನೆ, ವಾದಕ್ಕೆ ಮುಗಿಯಲಾರೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗದ ವಿಚಾರಣೆ ಮಹಾರಾಷ್ಟ್ರ ಮತ್ತು ಕೇರಳದ ಗಡಿಗಳಿಗೆ ಸೀಮಿತವಾಗಿತ್ತು. ನಮ್ಮ ಸೀಮೆ ಅದರ ಕಾಗದದಲ್ಲಿ ಇರಲೇ ಇಲ್ಲ. ಆ ಆಯೋಗ 1967ರಲ್ಲಿ ಕೊಟ್ಟ ವರದಿಯೂ ಇನ್ನೂ ಜಾರಿಗೆ ಬಂದಿಲ್ಲ. ತಲೆಮಾರುಗಳು ಕಾದಿವೆ, ಇನ್ನೂ ಕಾಯಬಲ್ಲವು. ಹೊಳೆ ಕಾಯುವುದಿಲ್ಲ. ಅಲ್ಲದೆ ನಾಳೆಯೇ ಗಡಿ ಸರಿದು ನಮ್ಮ ಹಳ್ಳಿಗಳು ಕರ್ನಾಟಕಕ್ಕೆ ಸೇರಿದವೆನ್ನೋಣ. ಕರ್ನೂಲು ಆಗಲೂ ನಮ್ಮ ಕೆಳಗೇ ಇರುತ್ತದೆ, ಅವರಿಗೆ ಎಚ್ಚರಿಕೆ ಕೊಡುವ ಹೊಣೆ ಆಗ ನಮ್ಮ ಮೇಲೆ ಬೀಳುತ್ತದೆ.

ಎರಡು ರಾಜ್ಯಗಳ ನಡುವೆ ಇದು ಆಗದ ಕೆಲಸವೆನ್ನುವವರು ಎರಡು ದೇಶಗಳ ಕಡೆ ನೋಡಲಿ. ಭಾರತ-ಪಾಕಿಸ್ತಾನಗಳ ನಡುವೆ 1960ರಲ್ಲಿ ಸಿಂಧೂ ಒಪ್ಪಂದವಾಯಿತು. ಯುದ್ಧಗಳಾದರೂ ಅದು ಉಳಿದಿತ್ತು. 2025ರ ಏಪ್ರಿಲಿನಲ್ಲಿ ಭಾರತ ಅದನ್ನು ಅಮಾನತಿನಲ್ಲಿ ಇರಿಸಿತು. ಹಾಗಿದ್ದೂ ಅದೇ ವರ್ಷದ ಆಗಸ್ಟಿನಲ್ಲಿ ತವಿ ನದಿಗೆ ನೆರೆ ಬಂದಾಗ ಮಾನವೀಯತೆಯ ದೃಷ್ಟಿಯಿಂದ ಭಾರತ ಪಾಕಿಸ್ತಾನಕ್ಕೆ ಎಚ್ಚರಿಕೆ ಕಳುಹಿಸಿತು. ಹಗೆಯ ದೇಶಕ್ಕೆ ಸಲ್ಲುವ ಮರ್ಯಾದೆ ಕೌತಾಳದ ಹಳ್ಳಿಗೆ ಸಲ್ಲಬಾರದೇ?

ಆಗದ ಕೆಲಸವಲ್ಲವೆಂಬುದಕ್ಕೆ ನಮ್ಮ ಹೊಳೆಯಲ್ಲಿಯೇ ಸಾಕ್ಷಿ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ ಹತ್ತೊಂಬತ್ತನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಕಟ್ಟೆ ತುಂಬಿತ್ತು. ಎಪ್ಪತ್ತು ವರ್ಷದ ಮುದಿ ಗೇಟಿಗೆ ಬದಲಾಗಿ ತಕ್ಷಣ ಇಳಿಸಲು ಅಡ್ಡಹಲಗೆಯ ವ್ಯವಸ್ಥೆಯೂ ಅಲ್ಲಿರಲಿಲ್ಲ. ಇದೇ ಒಂದು ಹಗರಣ. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಆಂಧ್ರದ ವಿಪತ್ತು ನಿರ್ವಹಣಾ ಪ್ರಾಧಿಕಾರವು ಕೌತಾಳಂ, ಕೋಸಿಗಿ, ಮಂತ್ರಾಲಯ, ನಂದವರಂ ಮಂಡಲಗಳ ಹೆಸರು ಹಿಡಿದು ಎಚ್ಚರಿಕೆ ಕೊಟ್ಟಿತು. ಆ ಸಲ ಸುದ್ದಿ ಬೇಗನೆ ಬಂದಿತೆಂದು ಮುಕ್ತಮನಸ್ಸಿನಿಂದ ಒಪ್ಪುತ್ತೇನೆ. ಆಂಧ್ರದ ಗೇಟು ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಧುಮ್ಮಿಕ್ಕುವ ನೀರಿನ ನಡುವೆಯೇ ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ಬಾಯಿ ಮುಚ್ಚಿದರು. ಆ ವಾರ ಕ್ರೇನಿನ ಮೇಲೆ ನಿಂತವನ ಮಾತೃಭಾಷೆ ಯಾವುದೆಂದು ಯಾರೂ ಕೇಳಲಿಲ್ಲ. ಮರುವರ್ಷ ಗೇಟುಗಳ ಸ್ಥಿತಿ ನೋಡಿ ಜಲಾಶಯದಲ್ಲಿ 80 ಟಿ.ಎಂ.ಸಿ.ಗೆ ನೀರನ್ನು ಸೀಮಿತಗೊಳಿಸಿದರು. ಸಂಕಟ ಬಂದಾಗ ವಾರದಲ್ಲಿ ಕೂಡಿಬಂದ ಕೈಗಳು ಸಂಕಟ ಕಳೆದ ಮೇಲೆ ಏಕೆ ಬಿಟ್ಟುಹೋಗಬೇಕು?

ಕಾನೂನೂ ನಮ್ಮ ಕಡೆಗಿದೆ. 1956ರ ನದಿ ಮಂಡಳಿಗಳ ಕಾಯಿದೆಯ ಮಾತು ಬೇಡ. ಅದರ ಕೆಳಗೆ ಇದುವರೆಗೆ ಒಂದು ಮಂಡಳಿಯೂ ಹುಟ್ಟಿಲ್ಲ, ಅದು ಹಸಿದವನಿಗೆ ತೋರಿಸಿದ ಅನ್ನದ ಚಿತ್ರ. ಆದರೆ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಅಂಥದಲ್ಲ. ಗುರುತಿಸಿದ ದೊಡ್ಡ ಅಣೆಕಟ್ಟುಗಳ ಒಡೆಯರು ಕಾಯಿದೆ ಜಾರಿಗೆ ಬಂದ ಐದು ವರ್ಷಗಳೊಳಗೆ ತುರ್ತು ಕಾರ್ಯಯೋಜನೆಯನ್ನು ಸಿದ್ಧಪಡಿಸಬೇಕೆಂದು ಅದು ವಿಧಿಸಿದೆ. ಅದು ಜಾರಿಗೆ ಬಂದುದು 2021ರ ಡಿಸೆಂಬರ್ 30ರಂದು. ಯಾವ ಊರು ಎಷ್ಟು ನೀರಿಗೆ ಮುಳುಗುತ್ತದೆಂಬ ನಕ್ಷೆ ಇಲ್ಲದೆ ಅಂಥ ಯೋಜನೆ ಪೂರ್ಣವಾಗದು. ಆ ನಕ್ಷೆಯಲ್ಲಿ ನಮ್ಮ ಊರಿನ ಹೆಸರು ಎಲ್ಲಿದೆ, ಯಾವ ಭಾಷೆಯಲ್ಲಿದೆ ಎಂದು ಕೇಳುವುದು ನಮ್ಮ ಹಕ್ಕು.

ಹೀಗಿರುವಲ್ಲಿ ನಾವು ಬೇಡುವುದು ದೊಡ್ಡದೇನಲ್ಲ. ಮಂಡಳಿಯು ಗೇಟು ಎತ್ತುವ ಮೊದಲೇ, ಎಷ್ಟು ಕ್ಯೂಸೆಕ್ಸ್ ಬಿಡುತ್ತೇವೆ, ಅದು ಯಾವ ಊರಿಗೆ ಎಷ್ಟು ಹೊತ್ತಿಗೆ ತಲಪುತ್ತದೆ ಎಂಬುದನ್ನು ಎರಡು ದಂಡೆಗಳ ಊರುಗಳಿಗೂ ಒಂದೇ ಘಳಿಗೆಯಲ್ಲಿ, ಕನ್ನಡ-ತೆಲುಗು ಎರಡರಲ್ಲಿಯೂ ನೇರವಾಗಿ ತಿಳಿಸಬೇಕು. ರಾಜಧಾನಿಗೆ ಹೋಗಿ, ಜಿಲ್ಲೆಗೆ ಇಳಿದು, ತಹಶೀಲ್ದಾರರ ಮೇಜಿನಲ್ಲಿ ಮಲಗಿ ಏಳುವ ಸುದ್ದಿ ನಮಗೆ ಬೇಡ. ಫೋನಿನ ಸಂದೇಶದ ಜತೆಗೆ ಡಂಗುರವೂ ಇರಲಿ. ನೆರೆಯ ಮಳೆಯಲ್ಲಿ ಮೊದಲು ಸಾಯುವುದು ವಿದ್ಯುತ್ತು, ಅದರ ಹಿಂದೆ ಫೋನು. ಹತ್ತಿರದ ದೋಣಿ, ಹತ್ತಿರದ ಆಸ್ಪತ್ರೆ, ಹತ್ತಿರದ ಎತ್ತರದ ನೆಲ ಯಾವ ರಾಜ್ಯದ್ದಾದರೂ ಆ ಇರುಳು ಅದು ಮುಳುಗುವವನದಾಗಬೇಕು. ಅದಕ್ಕೆ ಬೇಕಾದ ಆಜ್ಞೆಯನ್ನು ರಾಯಚೂರು-ಬಳ್ಳಾರಿ-ಕರ್ನೂಲಿನ ಕಲೆಕ್ಟರುಗಳು ಬೇಸಗೆಯಲ್ಲಿಯೇ ಕೂಡಿ ಹೊರಡಿಸಲಿ. ಮನೆ ಒಂದು ರಾಜ್ಯದಲ್ಲಿ ಹೊಲ ಇನ್ನೊಂದರಲ್ಲಿ ಇರುವವರ ಪಂಚನಾಮೆಯನ್ನು ಇಬ್ಬರು ಅಧಿಕಾರಿಗಳೂ ಒಂದೇ ದಿನ ಒಟ್ಟಿಗೆ ಬಂದು ಮಾಡಲಿ.

ಈ ಬೇಡಿಕೆಗಳ ಅರ್ಜಿಯನ್ನು ಎರಡು ಭಾಷೆಗಳಲ್ಲಿ ಸಿದ್ಧಪಡಿಸಿದೆ. ಮುಂದಿನ ಗ್ರಾಮಸಭೆಯಲ್ಲಿ ಓದಿಸಿ, ಸಹಿ-ಹೆಬ್ಬೆಟ್ಟುಗಳನ್ನು ಪಡೆದು, ಒಂದು ಪ್ರತಿಯನ್ನು ಮಂಡಳಿಗೆ, ತಲಾ ಒಂದನ್ನು ಮೂರು ಜಿಲ್ಲೆಗಳ ಕಲೆಕ್ಟರರಿಗೆ ಕಳುಹಿಸಬೇಕು. ಹೊಳೆಯ ಆಚೆ ದಂಡೆಯ ಊರವರಿಗೂ ಕೊಡಿ, ತೆಲುಗು ಬಂಧುಗಳಿಂದಲೂ ಸಹಿ ಪಡೆಯಿರಿ. ಇದರ ಜತೆಗೆ ಪ್ರತಿ ಊರಿನವರೂ ಶಾಲೆಯ ಅಥವಾ ಗುಡಿಯ ಗೋಡೆಯ ಮೇಲೆ 2009ರ ನೀರು ಎಲ್ಲಿಯವರೆಗೆ ಬಂದಿತ್ತೆಂಬುದಕ್ಕೆ ಕೆಂಪು ಬಣ್ಣದಿಂದ ಗೆರೆ ಎಳೆದು ವರ್ಷವನ್ನು ಬರೆಯಬೇಕು. ಬಣ್ಣದ ಖರ್ಚನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ವಹಿಸಿಕೊಂಡಿದ್ದಾರೆ. ಗೆರೆ ಎಳೆಯುವಾಗ ಆ ನೀರನ್ನು ಕಣ್ಣಾರೆ ಕಂಡ ಇಬ್ಬರಾದರೂ ಹಿರಿಯರು ಎದುರಿಗಿರಲಿ. ಹುಡುಗರ ಊಹೆಗೆ ಬಿಡಬೇಡಿ.